ಮುಂಜಿಯ ಮಾರನೆಯ ದಿನ

ಬೇಸಿಗೆಯ ರಜೆ ಬಂತೆಂದರೆ ನಮ್ಮ ಪುರಸೈವಾಕ್ಕಂ, ಅಯನಾವರಂ, ಪೆರಂಬೂರು ಕಡೆಯ ಕನ್ನಡ ಮನೆಗಳಿಗೆ ಮೂಲೆಗೆ ಅರಿಸಿನ ಹಚ್ಚಿದ ಆಹ್ವಾನ ಪತ್ರಿಕೆಗಳು ಬರತೊಡಗುತ್ತವೆ. ಮದುವೆಯದು ಕೆಲವು, ಮುಂಜಿಯದು ಕೆಲವು. ಮುಂಜಿಯ ಪತ್ರಿಕೆ ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು: ಛತ್ರ ಯಾವುದು? ಊಟ ಎಷ್ಟು ಹೊತ್ತಿಗೆ? ಹುಡುಗನಿಗೆ ಏನು ಉಡುಗೊರೆ ಕೊಟ್ಟರೆ ಚೆನ್ನು? ಮಾರನೆಯ ದಿನ ಬೆಳಿಗ್ಗೆ ಆ ಹುಡುಗನ ಬಾಳಿನಲ್ಲಿ ಏನು ಬದಲಾಗಿರುತ್ತದೆ ಎಂದು ಕೇಳಿದವರನ್ನು ನಾವು ಅಷ್ಟಾಗಿ ಕಂಡಿಲ್ಲ. ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣವೆಂದಿದ್ದೇವೆ.

ಮುಂಜಿ ಮಾಡಬೇಕೆ ಬೇಡವೆ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ನಮ್ಮ ವಾಚಕರಲ್ಲಿ ಮುಂಜಿ ಮಾಡುವವರಿದ್ದಾರೆ, ಲಿಂಗದೀಕ್ಷೆ ಕೊಡಿಸುವವರಿದ್ದಾರೆ, ಎರಡೂ ಇಲ್ಲದ ಮನೆತನದವರೂ ಬಹಳ ಮಂದಿ ಇದ್ದಾರೆ. ಹುಡುಗ ಗಂಡಸಾಗುವುದು ಹೇಗೆ, ಅದರಲ್ಲಿ ಹಿರಿಯರ ಪಾಲು ಎಷ್ಟು ಎಂಬುದು ಎಲ್ಲರ ಮನೆಯ ವಿಚಾರ.

ಹೆಣ್ಣುಮಗುವಿನ ವಿಷಯದಲ್ಲಿ ಪ್ರಕೃತಿಯೇ ಒಂದು ದಿನವನ್ನು ಗೊತ್ತುಮಾಡಿ ಹೇಳಿಬಿಡುತ್ತದೆ. ನಮ್ಮ ನೆರೆಯ ತಮಿಳು ಮನೆಗಳಲ್ಲಿ ಅದನ್ನು ಮಂಜಳ್ ನೀರಾಟ್ಟು ವಿಳಾ ಎಂದು ನಡೆಸುತ್ತಾರೆ. ಛತ್ರದ ಬಾಗಿಲಲ್ಲಿ ಹುಡುಗಿಯ ಚಿತ್ರವಿರುವ ದೊಡ್ಡ ಫಲಕವನ್ನೇ ನಿಲ್ಲಿಸುವುದುಂಟು. ಕನ್ನಡ ನಾಡಿನಲ್ಲಿಯೂ ಆರತಿ, ಒಸಗೆ ಎಂದು ಇದು ನಡೆದು ಬಂದಿದೆ. (ಆ ಹುಡುಗಿಗೆ ಅಷ್ಟು ಮಂದಿಯ ಮುಂದೆ ಕೂರುವುದು ಇಷ್ಟವೋ ಕಷ್ಟವೋ ಎಂದು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.) ಹುಡುಗನಿಗೆ ಹಾಗಲ್ಲ. ಧ್ವನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಹೋದ ವರ್ಷದ ಷರಟು ಭುಜಕ್ಕೆ ಬಿಗಿಯಾಗುತ್ತದೆ. ಯಾವ ದಿನ ಅವನು ಹುಡುಗನಾಗಿರುವುದು ನಿಂತಿತೆಂಬುದು ಹೆತ್ತ ತಾಯಿಗೂ ತಿಳಿಯದು. ಪ್ರಕೃತಿ ಎಳೆಯದೆ ಬಿಟ್ಟ ಗೆರೆಯನ್ನು ಸಮಾಜವೇ ಎಳೆಯಬೇಕಾಯಿತು.

ಸರಕಾರವೂ ಗೆರೆ ಎಳೆದಿದೆ, ಆದರೆ ಒಂದಲ್ಲ, ಹಲವು. 14 ವರ್ಷ ತುಂಬುವವರೆಗೆ ಕೆಲಸಕ್ಕೆ ಇಟ್ಟುಕೊಳ್ಳಕೂಡದು, 18ಕ್ಕೆ ಮತ, ಗಂಡಿಗೆ 21ಕ್ಕೆ ಮದುವೆ. ಮತದ ವಯಸ್ಸು ಕೂಡ 1989ರವರೆಗೆ 21 ಆಗಿತ್ತು, ಅನಂತರ ಇಳಿಯಿತು. ಇವೆಲ್ಲ ಬೇಕಾದ ಕಾನೂನುಗಳೇ. ಆದರೆ ಹದಿನೆಂಟು ತುಂಬಿದ ದಿನ ಹುಡುಗನ ಎದುರಿಗೆ ಕುಳಿತು, ಇಂದಿನಿಂದ ನಿನ್ನ ಮೇಲೆ ಇಂಥ ಹೊಣೆ ಇದೆ ಎಂದು ಹೇಳುವುದು ಕಾನೂನಿನ ಕೆಲಸವಲ್ಲ. ಆ ಕೆಲಸವನ್ನು ಹಿಂದೆ ಸಂಸ್ಕಾರಗಳು ಮಾಡುತ್ತಿದ್ದುವು.

ನಮ್ಮ ಮನೆಗಳಲ್ಲಿ ಬಹಳ ಮಂದಿಗೆ ಪರಿಚಿತವಾದ ಮುಂಜಿಯನ್ನೇ ಮೊದಲು ನೋಡೋಣ. ಉಪನಯನವೆಂದರೆ ಹತ್ತಿರಕ್ಕೆ ಕರೆದೊಯ್ಯುವುದು, ಅಂದರೆ ಗುರುವಿನ ಹತ್ತಿರಕ್ಕೆ. ಮುಂಜಿ ಎಂಬ ನಮ್ಮ ಮಾತು ಮೌಂಜಿಯಿಂದ ಬಂದದ್ದು. ವಟುವಿನ ಸೊಂಟಕ್ಕೆ ಕಟ್ಟುವ, ಮುಂಜ ಎಂಬ ಹುಲ್ಲಿನಿಂದ ಹೊಸೆದ ಹುರಿಯೇ ಮೌಂಜಿ. ಇವತ್ತು ಜನಿವಾರವೇ ಮುಂಜಿಯ ಮುಖ್ಯ ಗುರುತಾಗಿದೆ. ಆದರೆ ಹಳೆಯ ಗೃಹ್ಯಸೂತ್ರಗಳನ್ನು ತೆರೆದು ನೋಡಿದರೆ ಸೊಂಟದ ಹುರಿ, ಹೊದೆಯುವ ಚರ್ಮ, ಕೈಯ ದಂಡ, ಇವಕ್ಕೆ ಸಿಗುವಷ್ಟು ಜಾಗ ದಾರಕ್ಕೆ ಸಿಗುವುದಿಲ್ಲ. ಅವೆಲ್ಲವೂ ದಾರಿ ಹೊರಟವನ ಸಾಮಾನುಗಳು ಎಂಬುದನ್ನು ಗಮನಿಸಬೇಕು. ಹುಡುಗನನ್ನು ಎಲ್ಲಿಗೋ ಕಳಿಸುತ್ತಿದ್ದರು.

ದಂಡದ ವಿಷಯದಲ್ಲಿ ನಮ್ಮ ಬಡಾವಣೆಯವರಿಗೆ ಸ್ವಾರಸ್ಯವಾದ ಸಂಗತಿಯೊಂದಿದೆ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಬ್ರಾಹ್ಮಣ ವಟುವಿಗೆ ಪಲಾಶದ ದಂಡ, ಕ್ಷತ್ರಿಯನಿಗೆ ಅತ್ತಿಯದು, ವೈಶ್ಯನಿಗೆ ಬಿಲ್ವದ್ದು. ಪಲಾಶವೆಂದರೆ ನಮ್ಮ ಮುತ್ತುಗ. ಊಟದ ಎಲೆ ಹಚ್ಚುವ, ಬೇಸಿಗೆಯ ಮೊದಲಲ್ಲಿ ಕೆಂಪಗೆ ಹೂ ಬಿಡುವ ಮರ. ತಮಿಳಿನಲ್ಲಿ ಇದಕ್ಕೆ ಪುರಸು ಎಂದು ಹೆಸರು. ಪುರಸೈವಾಕ್ಕಂ ಎಂಬ ಹೆಸರು ಈ ಮರದಿಂದಲೇ ಬಂತೆಂದು ಹೇಳುತ್ತಾರೆ. ಇಲ್ಲಿಯ ಗಂಗಾಧರೇಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ನಮ್ಮ ಹುಡುಗರ ಕೈಗೆ ಮುಂಜಿಯ ದಿನ ಯಾವ ಮರದ ಕೋಲನ್ನು ಕೊಡುತ್ತೇವೋ ಅದೇ ಮರದ ಹೆಸರಿನ ಊರಿನಲ್ಲಿ ಬಾಳುತ್ತಿದ್ದೇವೆ. ಪುರೋಹಿತರು ಕಟ್ಟಿ ತರುವ ಆ ಸಣ್ಣ ಕಡ್ಡಿಯನ್ನು ನೋಡಿದರೆ ಅದು ಕೋಲೆಂದೇ ತೋರುವುದಿಲ್ಲ. ಸೂತ್ರದಲ್ಲಿ ಹೇಳಿದ ಅಳತೆ ಹಾಗಿಲ್ಲ: ಬ್ರಾಹ್ಮಣ ವಟುವಿನ ದಂಡ ತಲೆಗೂದಲ ಮಟ್ಟಕ್ಕೆ, ಕ್ಷತ್ರಿಯನದು ಹಣೆಯ ಮಟ್ಟಕ್ಕೆ, ವೈಶ್ಯನದು ಮೂಗಿನ ಮಟ್ಟಕ್ಕೆ ಬರಬೇಕು. ಕಾಡು ದಾರಿಯಲ್ಲಿ ನಡೆಯುವವನಿಗೆ, ದನ ಅಟ್ಟುವವನಿಗೆ, ರಾತ್ರಿ ಹಾವು ಹುಳುವನ್ನು ದೂರ ಸರಿಸುವವನಿಗೆ ಬೇಕಾದ ಕೋಲು ಅದು.

ಅಂದಿನ ಕ್ರಮ ಹೀಗೆ: ಬೆಳಿಗ್ಗೆ ತಾಯಿಯೊಡನೆ ಕುಳಿತು ಹುಡುಗ ಉಣ್ಣುತ್ತಾನೆ. ಅದು ಮಾತೃಭೋಜನ, ಅವಳ ಎಲೆಯಲ್ಲಿ ಉಣ್ಣುವ ಕಡೆಯ ಊಟ. ತಲೆ ಬೋಳಿಸಿ, ಸ್ನಾನ ಮಾಡಿಸಿ, ಬೇರೆ ಬಟ್ಟೆ ಉಡಿಸುತ್ತಾರೆ. ಕಲ್ಲಿನ ಮೇಲೆ ಕಾಲಿರಿಸಿ ನಿಲ್ಲಿಸುವುದುಂಟು. ಕಲ್ಲಿನ ಹಾಗೆ ಗಟ್ಟಿಯಾಗು ಎಂದು ಅರ್ಥ. ಆಚಾರ್ಯನು ಅವನ ಹೆಸರು ಕೇಳುತ್ತಾನೆ, ಎದೆ ಮುಟ್ಟುತ್ತಾನೆ, ಒಂದೇ ವಸ್ತ್ರದ ಮರೆಯಲ್ಲಿ ಮಂತ್ರ ಹೇಳಿಕೊಡುತ್ತಾನೆ. ಆಮೇಲೆ ಕೆಲವು ಆಜ್ಞೆಗಳು. ಇವನ್ನು ಕೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು, ಅಷ್ಟು ಸಾದಾ ಮಾತುಗಳು: ನೀರು ಕುಡಿ, ಕೆಲಸ ಮಾಡು, ಹಗಲು ಮಲಗಬೇಡ, ಗುರುವಿಗೆ ಅಧೀನನಾಗಿದ್ದು ಓದು, ಸಂಜೆ ಬೆಳಿಗ್ಗೆ ಬೆಂಕಿಗೆ ಸಮಿಧೆ ತಂದು ಹಾಕು, ಸಂಜೆ ಬೆಳಿಗ್ಗೆ ಭಿಕ್ಷೆ ಬೇಡು. ಎಂಟು ವರ್ಷದ ಹುಡುಗನಿಗೆ ಅರ್ಥವಾಗದ್ದು ಇದರಲ್ಲಿ ಒಂದೂ ಇಲ್ಲ. ಮೊದಲ ಭಿಕ್ಷೆಯನ್ನು ತಾಯಿಯೇ ನೀಡುತ್ತಾಳೆ. ಬೆಳಿಗ್ಗೆ ಮಗನಾಗಿ ಅವಳ ಎಲೆಯಲ್ಲಿ ಉಂಡವನು ಮಧ್ಯಾಹ್ನ ಅವಳೆದುರಿಗೆ ಬೇಡುವವನಾಗಿ ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ತಾಯಂದಿರು ಕಣ್ಣೊರೆಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಏಕೆಂದು ಅವರಿಗೆ ಯಾರೂ ವಿವರಿಸಿ ಹೇಳಿರುವುದಿಲ್ಲ.

ಫ್ರಾನ್ಸಿನ ಪಂಡಿತ ಆರ್ನಾಲ್ಡ್ ವಾನ್ ಗೆನೆಪ್ ಎಂಬಾತ 1909ರಲ್ಲಿ ಜಗತ್ತಿನ ಇಂಥ ಆಚರಣೆಗಳನ್ನೆಲ್ಲ ಹೋಲಿಸಿ ಒಂದು ಗ್ರಂಥ ಬರೆದನು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವ ವಿಧಿಗಳಲ್ಲೆಲ್ಲ ಮೂರು ಹಂತಗಳಿರುತ್ತವೆಂದು ಅವನು ತೋರಿಸಿದನು: ಹಳೆಯದರಿಂದ ಬಿಡಿಸುವುದು, ನಡುವೆ ಎಲ್ಲಿಯೂ ಸೇರದೆ ಕೆಲಕಾಲ ಇರಿಸುವುದು, ಕಡೆಗೆ ಹೊಸ ಸ್ಥಾನ ಕೊಟ್ಟು ಒಳಕ್ಕೆ ಕರೆದುಕೊಳ್ಳುವುದು. ನಮ್ಮ ಮುಂಜಿಗೆ ಇದನ್ನು ಹೊಂದಿಸಿ ನೋಡಿದರೆ ಮೊದಲನೆಯ ಹಂತ ಮಾತೃಭೋಜನ, ಕ್ಷೌರ, ಭಿಕ್ಷೆ. ಮೂರನೆಯದು ಸಮಾವರ್ತನೆ, ಓದು ಮುಗಿಸಿದವನಿಗೆ ಗುರುವಿನ ಮನೆಯಲ್ಲಿ ಸ್ನಾನ ಮಾಡಿಸಿ, ಮೌಂಜಿ ದಂಡಗಳನ್ನು ಬಿಡಿಸಿ, ಒಳ್ಳೆಯ ಬಟ್ಟೆ, ಕೊಡೆ, ಪಾದರಕ್ಷೆ ಕೊಟ್ಟು ಮನೆಗೆ ಕಳಿಸುವುದು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರು ಹೊರಡುವ ಶಿಷ್ಯನಿಗೆ ಹೇಳುವ ಬುದ್ಧಿಮಾತು ಈ ಸಂದರ್ಭದ್ದೇ. ಅಲ್ಲಿ ಗುರು ತನ್ನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಕೊಡುತ್ತಾನೆ: ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದೋ ಅಷ್ಟನ್ನೇ ಹಿಡಿ, ಉಳಿದದ್ದನ್ನಲ್ಲ ಎಂದು. ಹುಡುಗನನ್ನು ಗಂಡಸಾಗಿ ಕಾಣುವುದೆಂದರೆ ಇದು. ಹಿರಿಯನು ತನ್ನ ಕೊರತೆಗಳನ್ನು ಅವನ ಮುಂದೆ ಒಪ್ಪಿಕೊಂಡು, ಆರಿಸುವ ಭಾರವನ್ನು ಅವನಿಗೇ ಬಿಡುತ್ತಾನೆ.

ಇವೆರಡರ ನಡುವಿನ ಹಂತ ಯಾವುದು? ಅದೇ ಬ್ರಹ್ಮಚರ್ಯ. ಒಂದು ವೇದಕ್ಕೆ 12 ವರ್ಷ ಎಂದು ಸೂತ್ರಕಾರರ ಲೆಕ್ಕ. ಹುಡುಗ ಮನೆಯ ಮಗನೂ ಅಲ್ಲ, ಗೃಹಸ್ಥನೂ ಅಲ್ಲ. ಇನ್ನೊಬ್ಬರ ಮನೆಯಲ್ಲಿ ನೀರು ಹೊತ್ತು, ಸೌದೆ ತಂದು, ಬೇಡಿ ಉಂಡು, ಓದಿದವನು. ಈಗ ನಾವು ಮಾಡಿರುವುದೇನೆಂದರೆ, ಮೊದಲ ಬಾಗಿಲನ್ನೂ ಕಡೆಯ ಬಾಗಿಲನ್ನೂ ಉಳಿಸಿಕೊಂಡು ನಡುವಿನ ಮನೆಯನ್ನು ಕೆಡವಿಬಿಟ್ಟಿದ್ದೇವೆ. ಸಮಾವರ್ತನೆಯನ್ನು ಬಹಳ ಕಡೆ ಮದುವೆಯ ಬೆಳಿಗ್ಗೆ, ಕಾಶೀಯಾತ್ರೆಯ ತಮಾಷೆಗೆ ಮುಂಚೆ, ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಮುಂಜಿಯೂ ಮದುವೆಯ ಹಿಂದಿನ ದಿನವೇ. ಬ್ರಾಹ್ಮಣನಿಗೆ 16, ಕ್ಷತ್ರಿಯನಿಗೆ 22, ವೈಶ್ಯನಿಗೆ 24 ವರ್ಷ ಮೀರಕೂಡದೆಂದು ಶಾಸ್ತ್ರ ಇಟ್ಟ ಕಡೆಯ ಗಡುವು ಎಂದೋ ದಾಟಿಹೋಗಿರುತ್ತದೆ. ಇಪ್ಪತ್ತೆಂಟು ವರ್ಷದ ಇಂಜಿನಿಯರು ಬೆಳಿಗ್ಗೆ ಬ್ರಹ್ಮಚಾರಿಯಾಗಿ ಮರುದಿನ ಗೃಹಸ್ಥನಾಗುತ್ತಾನೆ. ಇದನ್ನು ಹಾಸ್ಯ ಮಾಡುವುದು ಸುಲಭ. ತಂದೆತಾಯಿಗಳ ಕಷ್ಟವೂ ನಮಗೆ ಗೊತ್ತು. ಛತ್ರದ ಬಾಡಿಗೆ ಎರಡು ಸಲ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ, ಊರಿಂದ ನೆಂಟರು ಎರಡು ಸಲ ಬರಲಾರರು.

ಗುರುವಿನ ಜಾಗವನ್ನು ಈಗ ತಂದೆಯೇ ತುಂಬುತ್ತಾನೆ. ಬ್ರಹ್ಮೋಪದೇಶ ಮಾಡುವವನು ಅವನೇ. ಆದರೆ ಮಾರನೆಯ ದಿನ ಅವನು ಅಂಬತ್ತೂರಿನ ಕಾರ್ಖಾನೆಗೋ ಷೋಳಿಂಗನಲ್ಲೂರಿನ ಕಂಪ್ಯೂಟರ್ ಕಚೇರಿಗೋ ಹೊರಟರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ವರ್ಷಕ್ಕೊಮ್ಮೆ ಉಪಾಕರ್ಮದಲ್ಲಿ, ತಮಿಳರು ಆವಣಿ ಅವಿಟ್ಟಂ ಎನ್ನುವ ದಿನ, ತಂದೆ ಮಕ್ಕಳು ಸಾಲಾಗಿ ಕುಳಿತು ಜನಿವಾರ ಬದಲಿಸುತ್ತಾರೆ. ಉಪಾಕರ್ಮವೆಂದರೆ ಮೂಲದಲ್ಲಿ ಮಳೆಗಾಲದ ಓದು ಆರಂಭಿಸುವ ದಿನ, ಈಗಿನ ಶಾಲೆಯ ಜೂನ್ ತಿಂಗಳಿದ್ದ ಹಾಗೆ. ಶಾಲೆಯನ್ನು ಮುಚ್ಚಿ, ಶಾಲೆ ತೆರೆಯುವ ಹಬ್ಬವನ್ನು ಮಾತ್ರ ನಡೆಸುತ್ತಿದ್ದೇವೆ ಎಂದರೆ ಯಾರೂ ಕೋಪಿಸಿಕೊಳ್ಳಬಾರದು.

ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಶೂದ್ರರೆಂದು ಕರೆದವರಿಗೂ, ಕಾಲಾನಂತರದಲ್ಲಿ ಹೆಂಗಸರಿಗೂ ಉಪನಯನವಿಲ್ಲವಾಯಿತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ಹೋದರೆಂದು ಅವರ ಚರಿತೆಗಳು ಹೇಳುತ್ತವೆ. ಶರಣರು ತಂದ ಲಿಂಗದೀಕ್ಷೆ ಗಂಡಿಗೂ ಹೆಣ್ಣಿಗೂ ಒಂದೇ. ದೀಕ್ಷೆಯ ಜೊತೆಗೆ ಕಾಯಕವನ್ನು ಕಟ್ಟಿದ್ದು ನಮಗೆ ಬಹು ಮುಖ್ಯವಾಗಿ ತೋರುತ್ತದೆ. ಲಿಂಗ ಕಟ್ಟಿಕೊಂಡವನು ದುಡಿಯದೆ ಉಣ್ಣಕೂಡದು. ಹಾಗೆ ನೋಡಿದರೆ ನಡುವಿನ ಮನೆಯನ್ನು ಅವರು ಗುರುಕುಲದಿಂದ ಅಂಗಡಿಗೆ, ಮಗ್ಗಕ್ಕೆ, ಹೊಲಕ್ಕೆ ತಂದರು. ನಮ್ಮ ಕಾಲಕ್ಕೆ ಹತ್ತಿರದಲ್ಲಿ ಆರ್ಯಸಮಾಜದವರು ಜಾತಿ ನೋಡದೆ, ಹುಡುಗಿಯರಿಗೂ ಸೇರಿಸಿ ಉಪನಯನ ಮಾಡಿದರು.

ಜನಿವಾರವೂ ಲಿಂಗವೂ ಇಲ್ಲದ ಕಡೆ ಬೇರೆ ಬೇರೆ ರೀತಿಗಳಿದ್ದುವು. ಎಷ್ಟೋ ಒಕ್ಕಲು ಮನೆಗಳಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚುತ್ತಾರೆ. ತಂದೆಯಲ್ಲದ ಒಬ್ಬ ಗಂಡಸಿಗೆ ಆ ಮಗುವಿನ ಮೇಲೆ ಅಂದಿನಿಂದ ಹಕ್ಕೂ ಹೊಣೆಯೂ ಬರುತ್ತವೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಬಂದೂಕು ಹಾರಿಸಿ, ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಕೈಗೆ ಮುಟ್ಟಿಸುತ್ತಿದ್ದರು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆಯಾದ ಮೇಲೆ ಮನೆಯ ಹಿರಿಯ ಕೋವಿಯನ್ನು ಎತ್ತಿ ಕಿರಿಯರ ಕೈಗೆ ಕೊಡುತ್ತಾನೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬೆಂಗಳೂರಿನ ಕರಗದಲ್ಲಿ ತಿಗಳ ಕುಲದ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಕರಗದ ಸುತ್ತ ನಡೆಯುತ್ತಾರೆ.

ಈ ತಮಿಳುನಾಡಿನಲ್ಲೇ ಒಂದು ಉದಾಹರಣೆ ಇದೆ. ಕೊಯಮತ್ತೂರು ಸೇಲಂ ಕಡೆಯ ದೇವಾಂಗ ನೇಕಾರರು ಮನೆಯಲ್ಲಿ ಇಂದಿಗೂ ಒಂದು ಬಗೆಯ ಕನ್ನಡ ಆಡುವವರು. ಅವರ ಕುಲದೇವತೆ ಚೌಡೇಶ್ವರಿಯ ಉತ್ಸವದಲ್ಲಿ ವೀರಕುಮಾರರೆನಿಸಿಕೊಂಡ ಯುವಕರು ಅಲಗನ್ನು ಎದೆಗೆ ತೋಳಿಗೆ ಹೊಡೆದುಕೊಳ್ಳುತ್ತ ದೇವಿಯನ್ನು ಕರೆಯುತ್ತಾರೆ. ಕೊಯಮತ್ತೂರಿನಲ್ಲಿ ವಿಜಯದಶಮಿಯಂದು ಇದನ್ನು ನೋಡಬಹುದು. ರಕ್ತ ಕಂಡರೆ ಮುಖ ತಿರುಗಿಸುವವರಲ್ಲಿ ನಾವೂ ಸೇರಿದವರು; ಇದನ್ನು ಇಲ್ಲಿಗೆ ತರಬೇಕೆಂದು ಹೇಳುತ್ತಿಲ್ಲ. ಆದರೆ ಹೊಡೆದುಕೊಳ್ಳುವ ಹುಡುಗನ ಪಕ್ಕದಲ್ಲಿ, ಹಿಂದೆ ತಾವೂ ಅದೇ ಅಲಗನ್ನು ಹಿಡಿದಿದ್ದ ಹಿರಿಯರು ನಡೆಯುತ್ತಿರುತ್ತಾರೆ. ಆ ಹಿರಿಯರಿಲ್ಲದೆ ಬರಿಯ ಅಲಗನ್ನು ಹುಡುಗರ ಕೈಗೆ ಕೊಟ್ಟರೆ ಏನಾದೀತು?

ಏನಾದೀತೆಂಬುದನ್ನು ಊಹಿಸಬೇಕಾಗಿಲ್ಲ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಹುಡುಗರಿಗೆ ಸುನ್ನತಿ ಮಾಡಿ, ಊರ ಹೊರಗೆ ಗುಡಿಸಿಲಲ್ಲಿ ಕೆಲವು ವಾರ ಇರಿಸಿ, ಗಂಡಸರೆಂದು ಮರಳಿ ಕರೆತರುವ ಪದ್ಧತಿ ಬಹು ಹಳೆಯದು. ಹೊಣೆಯುಳ್ಳ ಹಿರಿಯರು ಹಿಂದೆ ಸರಿದು, ದುಡ್ಡಿಗಾಗಿ ನಡೆಸುವವರೂ ಅರೆಬರೆ ತಿಳಿದ ಯುವಕರೂ ಆ ಜಾಗಕ್ಕೆ ಬಂದ ಕಡೆಗಳಲ್ಲಿ ವರ್ಷ ವರ್ಷವೂ ಹುಡುಗರು ನೀರಿಲ್ಲದೆ, ಗಾಯ ಕೊಳೆತು ಸಾಯತೊಡಗಿದರು. ಕಡೆಗೆ 2021ರಲ್ಲಿ ಅಲ್ಲಿಯ ಸರಕಾರ ಇದಕ್ಕೆಂದೇ ಕಾನೂನು ಮಾಡಬೇಕಾಯಿತು.

ಅಷ್ಟು ದೂರ ಏಕೆ? ನಮ್ಮ ಹೈರೋಡಿನ ಬಸ್ ನಿಲ್ದಾಣದಲ್ಲಿ ನಿಂತವರಿಗೆ ರೂಟ್ ತಲ ಎಂಬ ಮಾತು ಗೊತ್ತಿದ್ದೀತು. ತಲ ಎಂದರೆ ತಲೆ, ಮುಖಂಡ. ಒಂದೊಂದು ಬಸ್ ಮಾರ್ಗದಲ್ಲಿ ಕಾಲೇಜಿಗೆ ಹೋಗುವ ಹುಡುಗರ ಗುಂಪಿಗೆ ಒಬ್ಬೊಬ್ಬ ತಲ. ಹೊಸದಾಗಿ ಸೇರಿದವನು ಫುಟ್‌ಬೋರ್ಡಿನಲ್ಲಿ ನೇತಾಡಿ, ಛಾವಣಿ ಹತ್ತಿ, ಬಸ್ಸಿನ ಮೈಯನ್ನು ತಾಳ ಹಾಕಿ ಬಡಿದು, ತನ್ನ ಕಾಲೇಜಿನ ಹೆಸರು ಕೂಗಿ, ಧೈರ್ಯ ತೋರಿಸಿದ ಮೇಲೆಯೇ ಗುಂಪಿನವನೆನಿಸುವುದು. ವರ್ಷಕ್ಕೊಂದು ಬಸ್ ಡೇ. ಹೈಕೋರ್ಟು ಅದನ್ನು ನಿಷೇಧಿಸಿದ ಮೇಲೂ 2019ರ ಜೂನ್ ತಿಂಗಳಲ್ಲಿ ಬಸ್ಸಿನ ಛಾವಣಿಯ ಮೇಲೆ ಕುಳಿತಿದ್ದ ಹುಡುಗರು, ಬಸ್ಸು ತಟ್ಟನೆ ನಿಂತಾಗ ಮುಂದಕ್ಕೆ ರಸ್ತೆಗೆ ಉದುರಿದ್ದನ್ನು ನಾಡೆಲ್ಲ ನೋಡಿತು. ಮರುತಿಂಗಳೇ ಇದೇ ಊರಿನಲ್ಲಿ ವಿದ್ಯಾರ್ಥಿಗಳು ಹಾಡುಹಗಲೇ ಮಚ್ಚು ಹಿಡಿದು ಬಸ್ಸಿನಲ್ಲಿದ್ದ ತಮ್ಮದೇ ಕಾಲೇಜಿನ ಹುಡುಗರ ಮೇಲೆ ಬಿದ್ದರು. ಪೊಲೀಸರು ಹಿಡಿದರು, ಪತ್ರಿಕೆಗಳು ಬೈದುವು. ಬೈಯತಕ್ಕದ್ದೇ. ಆದರೆ ವಾನ್ ಗೆನೆಪ್ ಹೇಳಿದ ಮೂರು ಹಂತಗಳನ್ನು ಇಲ್ಲಿ ಹುಡುಕಿ ನೋಡಿ, ಮೂರೂ ಇವೆ. ಮನೆಯಿಂದ ಬಿಡಿಸಿಕೊಳ್ಳುವುದು ಇದೆ, ಅಪಾಯದ ನಡುಗಾಲವಿದೆ, ಒಳಕ್ಕೆ ಕರೆದುಕೊಳ್ಳುವ ಕೂಗು ಇದೆ. ಇಲ್ಲದಿರುವುದು ಹಿರಿಯರು ಮಾತ್ರ. ಇಪ್ಪತ್ತು ವರ್ಷದವನು ಹದಿನೆಂಟು ವರ್ಷದವನಿಗೆ ಗುರುವಾಗಿದ್ದಾನೆ.

ಹಾಸ್ಟೆಲುಗಳ ರ್‍ಯಾಗಿಂಗ್ ಇದೇ ಜಾತಿಯದು. 1996ರಲ್ಲಿ ಚಿದಂಬರದಲ್ಲಿ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬನ ಪ್ರಾಣವನ್ನೇ ಅದು ತೆಗೆಯಿತು. ಆ ದುಃಖದಿಂದಲೇ ತಮಿಳುನಾಡು 1997ರಲ್ಲಿ ರ್‍ಯಾಗಿಂಗ್ ನಿಷೇಧಿಸುವ ಕಾಯಿದೆ ತಂದಿತು.

ಈ ಹುಡುಗರೇ ಕೆಟ್ಟವರೆಂದು ನಾವು ನಂಬುವುದಿಲ್ಲ. 2015ರ ಡಿಸೆಂಬರಿನ ಪ್ರವಾಹದಲ್ಲಿ ನಗರ ಮುಳುಗಿದಾಗ ಎದೆಮಟ್ಟದ ನೀರಿನಲ್ಲಿ ಹಾಲಿನ ಪೊಟ್ಟಣ ಹೊತ್ತವರು, ಮುದುಕರನ್ನು ಬೆನ್ನ ಮೇಲೆ ಕೂರಿಸಿಕೊಂಡು ಮಹಡಿಯಿಂದ ಇಳಿಸಿದವರು ಬಹುಪಾಲು ಇದೇ ವಯಸ್ಸಿನವರು. ಅವರನ್ನು ಯಾರೂ ಆಜ್ಞೆ ಮಾಡಿ ಕರೆಯಲಿಲ್ಲ. ಕೆಲಸ ಕಣ್ಣೆದುರಿಗಿತ್ತು, ತಮ್ಮಿಂದ ಆಗುತ್ತದೆಂದು ತಿಳಿದಿತ್ತು. ನೀರು ಇಳಿದ ಮೇಲೆ ಅವರಿಗೆ ಒಪ್ಪಿಸುವುದಕ್ಕೆ ನಮ್ಮ ಬಳಿ ಯಾವ ಕೆಲಸವೂ ಇರಲಿಲ್ಲ.

ಮದರಾಸಿಗೆ ಬಂದ ಕನ್ನಡಿಗರಲ್ಲಿ ಬಹಳ ಮಂದಿಗೆ ಗಂಡಸುತನದ ನಿಜವಾದ ದೀಕ್ಷೆ ಹೋಟೆಲಿನಲ್ಲಿ ಆಯಿತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು, ಕೆಲವರು ಮುಂಜಿಯಾದ ಬೆನ್ನಿಗೇ, ಪರಿಚಯದವರ ಕೈ ಹಿಡಿದು ಈ ಊರಿಗೆ ಬಂದರು. ಮೊದಲು ಲೋಟ ತಟ್ಟೆ ತೊಳೆಯುವುದು, ಆಮೇಲೆ ರುಬ್ಬುವುದು, ಆಮೇಲೆ ಸಪ್ಲಯರ್ ಆಗಿ ಟೇಬಲಿಗೆ ಬರುವುದು. ನಂಬಿಕೆ ಹುಟ್ಟಿದ ಮೇಲೆ ಗಲ್ಲಾಪೆಟ್ಟಿಗೆ. ಒಂದೊಂದು ಮೆಟ್ಟಿಲಿನಲ್ಲಿಯೂ ತಪ್ಪು ತೋರಿಸುವ ಒಬ್ಬ ಭಟ್ಟರೋ ರಾಯರೋ ಇರುತ್ತಿದ್ದರು. ಕಡಂದಲೆಯ ಕೃಷ್ಣರಾಯರು ಹೀಗೆ ಅಡಿಗೆಮನೆಯ ಕೆಳಗಿನ ಮೆಟ್ಟಿಲಿನಿಂದ ಮೇಲೆ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು ನಮ್ಮವರೆಲ್ಲ ಹೇಳಿಕೊಳ್ಳುವ ಕಥೆ. ಹೇಳಿಕೊಳ್ಳದ ಕಥೆಗಳು ಹೆಚ್ಚು. ಹೊಗೆಯಲ್ಲಿ ಕಣ್ಣು ಕಳೆದುಕೊಂಡವರು, ಹತ್ತು ವರ್ಷ ಊರಿಗೆ ಹೋಗದವರು, ಏಟು ತಿಂದು ಓಡಿಹೋದವರು ಎಷ್ಟೋ ಮಂದಿ. ಮಕ್ಕಳನ್ನು ದುಡಿಸುವುದಕ್ಕೆ 1986ರ ಕಾನೂನು ಕಡಿವಾಣ ಹಾಕಿತು; 2006ರಲ್ಲಿ ಹೋಟೆಲು, ಮನೆಗೆಲಸಗಳನ್ನೂ ಅದರೊಳಕ್ಕೆ ತಂದರು. ಒಳ್ಳೆಯದೇ ಆಯಿತು. ಆ ಬಾಲ್ಯವನ್ನು ಮತ್ತೆ ಯಾರಿಗೂ ಬಯಸಬಾರದು. ಆದರೆ ಮೆಟ್ಟಿಲು, ಮೆಟ್ಟಿಲಿಗೊಬ್ಬ ಹಿರಿಯ, ನಂಬಿಕೆ ಬಂದ ಮೇಲೆ ಕೈಗೆ ಬರುವ ಬೀಗದ ಕೈ, ಈ ಮೂರನ್ನು ಅಲ್ಲಿಂದ ಎತ್ತಿಕೊಳ್ಳಬಹುದಲ್ಲವೆ? ಮುಂಬಯಿಯ ಕನ್ನಡ ಸಂಘಗಳು ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿ, ಹಗಲು ಲೋಟ ತೊಳೆದ ಎಷ್ಟೋ ಮಂದಿಯನ್ನು ಮೆಟ್ರಿಕ್ ದಾಟಿಸಿದುವು. ವಾಚನಾಲಯ ನಡೆಸುವ ನಮಗೆ ಅದು ಹತ್ತಿರದ ಮಾದರಿ.

ಯೆಹೂದ್ಯರಲ್ಲಿ ಹದಿಮೂರು ತುಂಬಿದ ಹುಡುಗ ಸಭೆಯ ಎದುರಿಗೆ ನಿಂತು ಧರ್ಮಗ್ರಂಥದ ಭಾಗವನ್ನು ಗಟ್ಟಿಯಾಗಿ ಓದಬೇಕು. ಅದಕ್ಕೆ ಬಹಳ ದಿನಗಳ ತಯಾರಿ ಬೇಕು. ಹೀಬ್ರೂ ಲಿಪಿ ಕಲಿಯಬೇಕು, ರಾಗ ಕಲಿಯಬೇಕು, ಕಲಿಸುವವನ ಮುಂದೆ ಕೂರಬೇಕು. ಔತಣ ಒಂದು ದಿನ, ತಯಾರಿ ತಿಂಗಳುಗಟ್ಟಲೆ. ಲೋಕದ ನಾನಾ ದೇಶಗಳಲ್ಲಿ ಚದರಿದ ಜನ ತಮ್ಮ ಲಿಪಿಯನ್ನು ಕಳೆದುಕೊಳ್ಳದೆ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ. ನಮ್ಮ ಹುಡುಗರ ಸ್ಥಿತಿ ನೋಡಿ. ಮನೆಯಲ್ಲಿ ಕನ್ನಡ ಆಡುತ್ತಾರೆ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಅಜ್ಜಿ ಬರೆದ ಕಾಗದವನ್ನು ಓದಲಾರರು.

ಮುಂಜಿಯೋ ದೀಕ್ಷೆಯೋ ಅಥವಾ ಬರಿಯ ಹನ್ನೆರಡನೆಯ ಹುಟ್ಟುಹಬ್ಬವೋ, ಯಾವುದಾದರೂ ಆಗಲಿ. ಮಾರನೆಯ ದಿನದಿಂದ ಒಂದು ವರ್ಷದ ಕೆಲಸ ಗೊತ್ತುಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಮಾಡಬಹುದಾದದ್ದು ಬಹಳ ಇದೆ. ತಿಂಗಳ ಖರ್ಚಿನ ಲೆಕ್ಕವನ್ನು ಅವನ ಕೈಯಲ್ಲಿ ಬರೆಸಬಹುದು. ಅಪ್ಪನ ಸಂಬಳ ಎಷ್ಟು, ಬಾಡಿಗೆಗೆ ಎಷ್ಟು ಹೋಗುತ್ತದೆ ಎಂಬುದು ಹುಡುಗನಿಗೆ ತಿಳಿದರೆ ಆಕಾಶ ಬೀಳುವುದಿಲ್ಲ. ಆಸ್ಪತ್ರೆಯಲ್ಲಿ ಅಜ್ಜನಿದ್ದರೆ ಒಂದು ರಾತ್ರಿ ಪಕ್ಕದಲ್ಲಿ ಅವನು ಕೂರಲಿ. ಉಂಡ ತಟ್ಟೆಯನ್ನು ಅವನೇ ತೊಳೆಯಲಿ. ಗುರುಕುಲದಲ್ಲಿ ತೊಳೆಯುತ್ತಿದ್ದವನು ಮನೆಗೆ ಬಂದು ಅಕ್ಕತಂಗಿಯರಿಂದ ತೊಳೆಸುವುದು ಯಾವ ಶಾಸ್ತ್ರ? ಹದಿನೈದು ತುಂಬಿದವನನ್ನು ಮಂಗಳೂರು ಮೇಲಿನಲ್ಲಿ ಒಬ್ಬನನ್ನೇ ಅಜ್ಜನ ಊರಿಗೆ ಕಳಿಸಿ ನೋಡಿ. ತಾಯಿಗೆ ಆ ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಭಿಕ್ಷೆ ಹಾಕಿದ ದಿನ ಕಣ್ಣೊರೆಸಿಕೊಂಡದ್ದು ಇದಕ್ಕೇ.

ಆದರೆ ತಂದೆಯಲ್ಲದ ಹಿರಿಯನೊಬ್ಬ ಬೇಕೆಂಬುದು ಮನೆಯೊಳಗೆ ಈಡೇರುವುದಿಲ್ಲ. ತಂದೆಯ ಮಾತಿಗೆ ಸಿಡುಕುವ ಹುಡುಗ ಅದೇ ಮಾತನ್ನು ಮಾವನಿಂದ ಕೇಳಿ ಸುಮ್ಮನಿರುತ್ತಾನೆ. ಊರಿನಲ್ಲಿ ಸೋದರಮಾವಂದಿರು, ದೊಡ್ಡಪ್ಪಂದಿರು ಎರಡು ಮನೆ ಆಚೆ ಇದ್ದರು, ಇಲ್ಲಿ ಇಲ್ಲ. ತಂದೆಯನ್ನು ಕಳೆದುಕೊಂಡ ಹುಡುಗರೂ ನಮ್ಮ ನಡುವೆ ಇದ್ದಾರೆ. ಅವರ ಹೆಗಲಿಗೆ ಗಂಡಸುತನ ಸ್ಮಶಾನದಲ್ಲಿ ಒಂದೇ ದಿನಕ್ಕೆ ಬಂದುಬಿಟ್ಟಿರುತ್ತದೆ. ಅಂಥವರಿಗೆ ಮೊದಲ ಆದ್ಯತೆ ಕೊಡಬೇಕು.

ಇತ್ತ ನಮ್ಮ ವಾಚನಾಲಯಕ್ಕೆ ಬರುವ ಹಿರಿಯರಲ್ಲಿ ಹಲವರಿಗೆ ಕಣ್ಣು ಮಂಜಾಗಿದೆ. ಪತ್ರಿಕೆಯ ತಲೆಬರಹ ಓದಿ, ಒಳಗಿನ ಸಣ್ಣ ಅಕ್ಷರ ಓದಲಾರದೆ ಮಡಿಸಿಡುತ್ತಾರೆ. ಆದ್ದರಿಂದ ನಮ್ಮ ಸಲಹೆ ಇಷ್ಟು. ಹನ್ನೆರಡರಿಂದ ಹದಿನಾರರ ಒಳಗಿನ ಒಬ್ಬೊಬ್ಬ ಹುಡುಗ ಒಬ್ಬೊಬ್ಬ ಹಿರಿಯರಿಗೆ ವಾರಕ್ಕೆ ಒಂದು ಗಂಟೆ ಕನ್ನಡ ಓದಿ ಹೇಳಲಿ. ಲಿಪಿ ಬಾರದವನಿಗೆ ಮೊದಲ ಮೂರು ತಿಂಗಳು ಅವರೇ ಅಕ್ಷರ ತಿದ್ದಿಸಲಿ. ಓದು ಮುಗಿದ ಮೇಲೆ ಮಾತು ಎಲ್ಲಿಗೆ ಹೋದರೂ ಹೋಗಲಿ; ಆ ಹಿರಿಯರು ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಏನು ಮಾಡುತ್ತಿದ್ದರೆಂಬುದಕ್ಕೆ ಹೋದರೆ ಇನ್ನೂ ಒಳ್ಳೆಯದು. ಹುಡುಗಿಯರು ಬರುವುದಾದರೆ ಅವರಿಗೂ ಇದೇ ಕ್ರಮ. ಓದಿ ಹೇಳುವುದಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಬಾಗಿಲು ತೆರೆದ ಹಾಲಿನಲ್ಲಿ, ಎಲ್ಲರ ಎದುರಿಗೇ ಕೂರತಕ್ಕದ್ದು. ಮನೆಗೆ ಕರೆಸಿಕೊಳ್ಳುವುದು ಬೇಡ. ಒಂದು ವರ್ಷ ತಪ್ಪದೆ ಬಂದವನಿಗೆ ಓದುಗರೆಲ್ಲರ ಮುಂದೆ ವಾಚನಾಲಯದ ಬೀಗದ ಕೈಯನ್ನು ಕೊಟ್ಟು, ತಿಂಗಳಿಗೆ ಒಂದು ಭಾನುವಾರ ಬಾಗಿಲು ತೆರೆಯುವ, ಪತ್ರಿಕೆ ಜೋಡಿಸುವ, ಕಸ ಗುಡಿಸುವ, ಮುಚ್ಚುವ ಹೊಣೆ ಒಪ್ಪಿಸೋಣ. ಅಂದು ಊಟದ ಏರ್ಪಾಡು ಬೇಡ, ಕಾಫಿ ಸಾಕು.

ಹಿರಿಯರು ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು. ಹುಡುಗ ತಡವಾಗಿ ಬಂದರೆ ಕೇಳಬಹುದು. ನೀವು ತಡವಾಗಿ ಬಂದರೆ ಅವನೂ ಕೇಳುವನು, ಉತ್ತರ ಕೊಡಬೇಕು. ಒಪ್ಪುವವರು ಪತ್ರಿಕೆಗಳ ಮೇಜಿನ ಮೇಲಿಟ್ಟಿರುವ ನೋಟು ಪುಸ್ತಕದಲ್ಲಿ ಹೆಸರು, ಬಿಡುವಾದ ದಿನ, ಯಾವ ಬಗೆಯ ಪುಸ್ತಕ ಓದಿಸಿಕೊಳ್ಳಲು ಇಷ್ಟ ಎಂಬುದನ್ನು ಬರೆದಿಡಬೇಕು. ಹುಡುಗರ ಹೆಸರನ್ನು ತಂದೆತಾಯಿಗಳು ಬರೆಯುವುದು ಬೇಡ. ಹುಡುಗನೇ ಬಂದು, ಬರುವ ಮಟ್ಟಿಗೆ ಕನ್ನಡದಲ್ಲಿ, ತನ್ನ ಕೈಯಿಂದ ಬರೆಯಲಿ.